ಹಿಟ್ಟು ಹೋಗದ ಮನೆ

ನಾಲತವಾಡದ ನಮ್ಮ ಓಣಿಯಲ್ಲಿ ಮದುವೆ ಗೊತ್ತಾದ ಮನೆಯವರು ಮೊದಲು ಹಂಚುವುದು ಕರೆಯೋಲೆಯನ್ನಲ್ಲ, ಜೋಳದ ಹಿಟ್ಟನ್ನು. ಬೀಗರಿಗೆಲ್ಲ ಸಾಕಾಗುವಷ್ಟು ಖಡಕ್ ರೊಟ್ಟಿ ಒಂದೇ ಮನೆಯ ಒಲೆಯಲ್ಲಿ ಯಾವ ಕಾಲಕ್ಕೂ ಆಗುವುದಿಲ್ಲ. ಹಾಗಾಗಿ ಮನೆಮನೆಗೆ ಒಂದೊಂದು ಬುಟ್ಟಿ ಹಿಟ್ಟು ಕೊಟ್ಟು ಬರುತ್ತಾರೆ. ಆಯಾ ಮನೆಯ ಹೆಂಗಸರು ಅದನ್ನು ನಾದಿ, ಬಡಿದು, ಸುಟ್ಟು, ಗಾಳಿಗೆ ಒಣಗಿಸಿ, ಮದುವೆ ಇನ್ನೇನು ಬಂತು ಎನ್ನುವಾಗ ಅದೇ ಬುಟ್ಟಿಯಲ್ಲಿ ತಂದು ಮದುವೆಮನೆಯ ಪಡಸಾಲೆಯಲ್ಲಿ ಸುರಿಯುತ್ತಾರೆ. ಕರೆಯೋಲೆ ತಪ್ಪಿದರೆ ಪಾಪ, ಗಡಿಬಿಡಿಯಲ್ಲಿ ಮರೆತಿದ್ದಾರೆ ಎನ್ನಬಹುದು. ಹಿಟ್ಟು ಬರಲಿಲ್ಲವೆಂದರೆ ಬೇಕೆಂದೇ ಬಿಟ್ಟಿದ್ದಾರೆ ಎಂದೇ ಅರ್ಥ. ಒಂದು ಮದುವೆಯಲ್ಲಿ ನನ್ನ ಮನೆಗೆ ಹಿಟ್ಟು ತಡವಾಗಿ ಬಂದದ್ದಕ್ಕೇ ನಾನು ಆ ಮನೆಯವರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವಳು.

ಓಣಿಯ ಕೊನೆಯಲ್ಲಿರುವ ಹಜರಾಬಿಯ ಮನೆಗೆ ಮಾತ್ರ ಹಿಟ್ಟು ಹೋಗುತ್ತಿರಲಿಲ್ಲ. ಆಕೆ ಕೌದಿ ಹೊಲಿದು ಬದುಕುವ ವಿಧವೆ. ನಮ್ಮಲ್ಲಿ ಹೆಂಗಸರು ತೀರಿಕೊಂಡರೆ ಮೈಯತ್‌ಗೆ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ತೊಡಿಸುವವಳೂ ಅವಳೇ. ಸಾವಿನ ಮನೆಯಲ್ಲಿ ಅವಳಿಗಿರುವ ಮರ್ಯಾದೆ ನೋಡಬೇಕು. ಬಾಗಿಲಿಗೇ ಹೋಗಿ ಕೈ ಹಿಡಿದು ಕರೆತರುತ್ತಾರೆ, ಕುರ್ಚಿ ಹಾಕುತ್ತಾರೆ, ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಾರೆ. ಮದುವೆ ಬಂದರೆ ಅದೇ ಕೈಗಳು ಅಪಶಕುನ. ಅವಳ ಬಾಗಿಲು ಬಂದಾಗ ಹಿಟ್ಟಿನ ಬುಟ್ಟಿ ಹೊತ್ತವರು ಸೆರಗು ಸರಿಮಾಡಿಕೊಳ್ಳುತ್ತ ಆ ಕಡೆ ನೋಡದೆ ದಾಟಿ ಹೋಗುತ್ತಾರೆ. ಈ ಕೆಲಸ ದೊಡ್ಡ ಪುಣ್ಯದ್ದು, ಮಾಡುವವರಿಗೆ ಅಲ್ಲಾಹನ ಹತ್ತಿರ ದೊಡ್ಡ ಕೂಲಿಯಿದೆ ಎಂದು ಮೌಲಾನಾ ಒಂದು ಶುಕ್ರವಾರ ಹೇಳಿದ್ದರು. ಕೇಳಿದವರೆಲ್ಲ ಹೌದ್ಹೌದು ಎಂದು ತಲೆಯಾಡಿಸಿ, ಮುಂದಿನ ಮದುವೆಗೆ ಮತ್ತೆ ಆ ಬಾಗಿಲು ದಾಟಿಯೇ ಹೋದರು. ಕೂಲಿಯನ್ನು ಅಲ್ಲಾಹನೇ ಕೊಡುವುದಾದರೆ ನಾವೇಕೆ ರೊಟ್ಟಿಹಿಟ್ಟು ಕೊಡಬೇಕು ಎಂದಿರಬೇಕು.

ಈ ಕಟ್ಟಳೆಯನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಸಿದ್ದೀಕಾಗೆ ಗೊತ್ತಿರಲಿಲ್ಲ.

ಸಿದ್ದೀಕಾ ನಮ್ಮ ಎದುರು ಮನೆಯ ಹಾಜಿಮಲಂಗ ಮತ್ತು ಜೈತುನಬಿಯವರ ಹೊಸ ಸೊಸೆ. ತಾಳಿಕೋಟೆಯ ಹುಡುಗಿ, ಅವರ ಮಗ ಮಂಜೂರನ ಹೆಂಡತಿಯಾಗಿ ಬಂದು ಇನ್ನೂ ಕೈಯ ಮೆಹಂದಿಯ ಬಣ್ಣ ಪೂರ್ತಿ ಹೋಗಿರಲಿಲ್ಲ. ಆ ಮನೆಯ ಕಿರಿಯ ಮಗಳು ಶಬಾನಾಳ ನಿಕಾಹ್ ಇಂಡಿ ತಾಲೂಕಿನ ಹೊರ್ತಿಯ ಹುಡುಗನ ಜೊತೆ ಗೊತ್ತಾಗಿತ್ತು. ಹಿಟ್ಟು ಹಂಚುವ ದಿನ ಜೈತುನಬಿಗೆ ಮೊಣಕಾಲು ನೋವು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೊಟ್ಟು ಬಾ ಎಂದು ಸೊಸೆಯನ್ನು ಕಳಿಸಿದಳು. ಸೊಸೆ ಹೇಳಿದ ಮಾತು ಮೀರದವಳು, ಆ ತುದಿಯವರೆಗೂ ಹೋದಳು.

ಬುಟ್ಟಿ ಮುಂದೆ ಬಂದಾಗ ಹಜರಾಬಿ ಕೈ ಚಾಚಲಿಲ್ಲವಂತೆ. ಮನೆ ತಪ್ಪಿ ಬಂದೆಯೇನವ್ವ ಎಂದು ಕೇಳಿದಳಂತೆ. ಇಲ್ಲ ಖಾಲಾ, ಓಣಿಯಲ್ಲಿ ಎಲ್ಲರಿಗೂ ಕೊಡುತ್ತಿದ್ದೇನೆ ಎಂದಳಂತೆ ಈ ಹುಡುಗಿ. ಆಮೇಲೆ ಹಜರಾಬಿ ಸೆರಗಿಗೆ ಕೈ ಒರೆಸಿ ಬುಟ್ಟಿ ತೆಗೆದುಕೊಂಡಳಂತೆ.

ಸಂಜೆ ಚಹಾ ಕುಡಿಯುತ್ತ ಜೈತುನಬಿ ಯಾರಾರಿಗೆ ಕೊಟ್ಟೆ ಎಂದು ಕೇಳಿದಳು. ಸೊಸೆ ಒಂದೊಂದೇ ಹೆಸರು ಹೇಳಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಎಳ್ಳು ಹಸನು ಮಾಡುತ್ತಿದ್ದೆ. ಕೊನೆಯ ಹೆಸರು ಬಂದಾಗ ಜೈತುನಬಿಯ ಕೈಯ ಚಹಾದ ಬಸಿ ನೆಲಕ್ಕೆ ಬಿತ್ತು.

ಜೈತುನಬಿ ಕೆಟ್ಟ ಹೆಂಗಸಲ್ಲ, ಇದನ್ನು ಹೇಳಲೇಬೇಕು. ಅವಳದು ಅಂಜಿಕೆ. ಹಿರಿಯ ಮಗಳನ್ನು ಸಿಂದಗಿಗೆ ಕೊಟ್ಟಿದ್ದಳು, ವರ್ಷ ತುಂಬುವ ಮೊದಲೇ ಅಳಿಯ ಬೈಕಿನಿಂದ ಬಿದ್ದು ತೀರಿಕೊಂಡ. ಆ ಮದುವೆಯ ದಿನ ಹಜರಾಬಿ ಹುಡುಗಿಯನ್ನು ನೋಡಿ ಹೋಗಲೆಂದು ಒಂದು ಗಳಿಗೆ ಪಡಸಾಲೆಗೆ ಬಂದು ನಿಂತಿದ್ದಳು. ಅಳಿಯ ಬಿದ್ದದ್ದು ರಸ್ತೆಯ ಗುಂಡಿಗೆ. ಆದರೆ ರಸ್ತೆ ಮಾಡಿದವರನ್ನು ಯಾರು ಹಿಡಿಯಬೇಕು? ಹಜರಾಬಿ ಸುಲಭವಾಗಿ ಸಿಕ್ಕಳು.

ಜೈತುನಬಿ ಸೊಸೆಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈಗಿಂದೀಗ ಹೋಗು. ಹಿಟ್ಟು ಇದ್ದಂಗ ತಗೊಂಡು ಬಾ. ತಪ್ಪಿ ಕೊಟ್ಟೇನಿ ಅಂತ ನೀನ ಹೇಳಬೇಕು, ಕೊಟ್ಟಾಕಿ ನೀನು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಶಕೀಲಾ, ನೀನೂ ಹೋಗು. ಈಕಿ ಬಾಯಿ ಬಿಡದಿದ್ರ ನೀ ಹೇಳು" ಎಂದಳು.

ನನ್ನ ಬಾಯಿ ಎಂಥದೆಂದು ಓಣಿಗೆಲ್ಲ ಗೊತ್ತು. ಅದಕ್ಕೇ ನನ್ನನ್ನು ಆರಿಸಿದಳು.

ದಾರಿಯಲ್ಲಿ ಸಿದ್ದೀಕಾ, ಆಕೆ ಮಾಡಿದ ತಪ್ಪೇನು ಎಂದು ಕೇಳಿದಳು. ಹೇಳಿದೆ.  ಹೋದ ವರ್ಷ ತನ್ನ ಅತ್ತೆಯ ಅತ್ತೆ ತೀರಿಕೊಂಡಾಗ ಯಾರು ಸ್ನಾನ ಮಾಡಿಸಿದರು ಎಂದು ಕೇಳಿದಳು. ಇವಳೇ ಎಂದೆ.  

ಹಜರಾಬಿಯ ಮನೆಯಿಂದ ಹೊಗೆ ಏಳುತ್ತಿತ್ತು. ಒಳಗೆ ಹೋದರೆ ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಪೆಟ್ಟಿಗೆಯಲ್ಲಿಟ್ಟ ಹಸಿರು ಸೀರೆ ಉಟ್ಟಿದ್ದಳು. ರೊಟ್ಟಿ ಬಡಿಯಲು ಒಳ್ಳೆಯ ಸೀರೆ ಉಡುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಸುಟ್ಟ ರೊಟ್ಟಿಗಳು ಒಗೆದ ಕೌದಿಯ ಮೇಲೆ ಆರುತ್ತಿದ್ದವು. ಪರಾತದಲ್ಲಿ ಉಳಿದದ್ದು ಒಂದು ಹಿಡಿ ನಾದಿದ ಹಿಟ್ಟು.

ಸಿದ್ದೀಕಾ ಖಾಲಾ ಎಂದು ಬಾಯಿ ತೆರೆದಳು. ಅಷ್ಟಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಆರುತ್ತಿದ್ದ ರೊಟ್ಟಿಗಳ ಕಡೆ ನೋಡಿದೆ.

ಹಜರಾಬಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ತಿರುವಿ ಹಾಕಿದಳು. ಆಮೇಲೆ ನಮ್ಮನ್ನು ನೋಡದೆಯೇ ಹೇಳಿದಳು.

"ಹಿಟ್ಟು ತಿರುಗಿ ಒಯ್ಯಾಕ ಬಂದೀರಿ. ಬುಟ್ಟಿ ಕೈಗೆ ಬಂದಾಗನ ಗೊತ್ತಿತ್ತು ನನಗ, ಇದು ತಪ್ಪಿ ಬಂದದ್ದು ಅಂತ. ಅದಕ್ಕ ಲಗೂ ಲಗೂ ನಾದಿಬಿಟ್ಟೆ. ಹಿಟ್ಟಾದ್ರ ತಿರುಗಿ ಒಯ್ಯಬಹುದು. ನಾದಿದ್ದು ಹೆಂಗ ಒಯ್ತೀರಿ?"

ಸಿದ್ದೀಕಾಳ ಕಣ್ಣುಗಳು ತುಂಬಿ ಬಂದವು. ಹೊಗೆಗೆ ಎಂದು ಒರೆಸಿಕೊಂಡಳು.

"ನೀ ಅಳಬ್ಯಾಡ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ" ಎಂದಳು ಹಜರಾಬಿ. "ನಿಮ್ಮತ್ತಿಗೆ ಹೇಳು, ರೊಟ್ಟಿ ನಾನ ತರ್ತೇನಿ. ಬ್ಯಾಡ ಅನ್ನೂದಿದ್ರ ನನ್ನ ಮಾರಿ ನೋಡಿ ಅನ್ಲಿ. ಇಷ್ಟು ವರ್ಷ ಬಾಗಿಲದಾಗಿಂದ ದಾಟಿ ಹೋದ್ರು. ಒಮ್ಮೆಯಾದ್ರೂ ಬ್ಯಾಡ ಅಂತ ಬಾಯಿ ಬಿಟ್ಟು ಅನ್ಲಿ."

ಬರಿಗೈಯಲ್ಲಿ ತಿರುಗಿ ಬಂದೆವು. ಹಿಟ್ಟು ಆಗಲೇ ರೊಟ್ಟಿಯಾಗಿದೆ ಎಂದಷ್ಟೇ ನಾನು ಹೇಳಿದೆ. ಜೈತುನಬಿ ಕಣ್ಣುಮುಚ್ಚಿ ಏನೋ ದುವಾ ಓದಿದಳು. ಹಾಗಾದರೆ ಅವಳ ರೊಟ್ಟಿ ಅವಳೇ ತಿನ್ನಲಿ, ಇಲ್ಲಿಗೆ ತರದಿದ್ದರೆ ಸಾಕು ಎಂದಳು. ತರುತ್ತಾಳೆ ಎಂದು ಹೇಳುವ ಧೈರ್ಯ ನನಗೂ ಆಗಲಿಲ್ಲ, ಸಿದ್ದೀಕಾಗೂ ಆಗಲಿಲ್ಲ.

ರೊಟ್ಟಿ ತರುವ ದಿನ ಬಂತು. ಪಡಸಾಲೆಯಲ್ಲಿ ಬಿಳಿ ಚಾದರ ಹಾಸಿದ್ದರು. ನಾವೆಲ್ಲ ಒಬ್ಬೊಬ್ಬರೇ ಬುಟ್ಟಿ ತಂದು ಸುರಿದು, ಒಬ್ಬರ ರೊಟ್ಟಿಯನ್ನು ಇನ್ನೊಬ್ಬರು ಓರೆಗಣ್ಣಿನಿಂದ ನೋಡಿ, ಯಾರದು ದಪ್ಪ, ಯಾರದು ಹೊತ್ತಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಕೂತಿದ್ದೆವು. ಶಬಾನಾ ಅರಿಷಿಣ ಹಚ್ಚಿಕೊಂಡು ಒಳಕೋಣೆಯಲ್ಲಿದ್ದಳು. ಹೊರಗೆ ಹಾಜಿಮಲಂಗ ಪೆಂಡಾಲಿನವರ ಜೊತೆ ಜಗಳಾಡುತ್ತಿದ್ದ. ಇದ್ದಕ್ಕಿದ್ದಂತೆ ಅವನ ಸದ್ದು ನಿಂತಿತು.

ಹಜರಾಬಿ ತಲೆಯ ಮೇಲೆ ಬುಟ್ಟಿ ಹೊತ್ತು ನಡುಹಗಲಿನಲ್ಲಿ ಓಣಿಯ ನಟ್ಟನಡುವೆ ಬರುತ್ತಿದ್ದಳು. ಅದೇ ಹಸಿರು ಸೀರೆ. ಬುಟ್ಟಿಯ ಮೇಲೆ ಬಿಳಿ ಬಟ್ಟೆ. ಕಟ್ಟೆಗಳ ಮೇಲೆ ಕೂತ ಗಂಡಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಹಾಜಿಮಲಂಗ ದಾರಿ ಬಿಡಲೂ ಇಲ್ಲ, ತಡೆಯಲೂ ಇಲ್ಲ. ಪೆಂಡಾಲಿನ ಕಂಬ ಗಟ್ಟಿಯಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡತೊಡಗಿದ. ಮಂಜೂರ ಮೊಬೈಲು ತೆಗೆದು ಕಿವಿಗೆ ಹಿಡಿದ, ಆಚೆ ಯಾರೂ ಇರಲಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಜೈತುನಬಿ ಮೊಣಕಾಲು ನೋವು ಮರೆತು ಎದ್ದು ಹೊಸ್ತಿಲಿಗೆ ಬಂದು ನಿಂತಳು. ಹೊಸ್ತಿಲಿನ ಹೊರಗೆ ಹಜರಾಬಿ. ಇಬ್ಬರೂ ಒಂದೇ ಓಣಿಗೆ ಸೊಸೆಯಾಗಿ ಬಂದವರು, ಒಂದೇ ನಲ್ಲಿಯಲ್ಲಿ ಕೊಡ ಸಾಲಿಗಿಟ್ಟವರು.

ಹೊಸ ಹುಡುಗಿ, ಗೊತ್ತಿಲ್ಲದೆ ಕೊಟ್ಟಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಜೈತುನಬಿ ಮೆಲ್ಲಗೆ ಹೇಳಿದಳು. ನೆಲ ನೋಡಿ ಹೇಳಿದಳು. ಮಾರಿ ನೋಡಿ ಹೇಳು ಎಂದಳು ಹಜರಾಬಿ. ಜೈತುನಬಿಗೆ ಆಗಲಿಲ್ಲ. ಒಳಗೆ ತಿರುಗಿ ಸೊಸೆಯನ್ನು ಕರೆದಳು.

ಸಿದ್ದೀಕಾ ಬಂದು ಅತ್ತೆಯ ಪಕ್ಕ ನಿಂತಳು.  ಓಣಿಯ ಹೆಂಗಸರೆಲ್ಲ ಒಳಗೆ, ಗಂಡಸರೆಲ್ಲ ಹೊರಗೆ, ನಡುವೆ ಈ ಮೂವರು. ತವರಿನಿಂದ ಬಂದು ಇನ್ನೂ ಯಾವ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಾಗದ ಹುಡುಗಿ ಅದು. ಅತ್ತೆ ಹೇಳಿಕೊಟ್ಟದ್ದನ್ನು ಹೇಳಿ ಒಳಗೆ ಹೋಗಿಬಿಡಲಿ, ಅವಳ ಬಾಳು ಅವಳಿಗಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೇಳ್ವಾ" ಎಂದಳು ಜೈತುನಬಿ. "ಹೆಂಗ ಕೊಟ್ಟಿ, ನೀನ ಹೇಳು."

"ಗೊತ್ತಿಲ್ಲದ ಕೊಟ್ಟೇನ್ರಿ" ಎಂದಳು ಸಿದ್ದೀಕಾ.

ಪಡಸಾಲೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಹಜರಾಬಿಯ ಕೈ ಬುಟ್ಟಿಯ ಅಂಚನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು.

"ಈಗ ಗೊತ್ತಾಗೇತ್ರಿ" ಎಂದಳು ಸಿದ್ದೀಕಾ.  "ಗೊತ್ತಾದ ಮ್ಯಾಲೂ ಕೊಡ್ತೇನ್ರಿ."

ಹಾಗೆಂದವಳೇ ಹೊಸ್ತಿಲು ದಾಟಿ ಹಜರಾಬಿಯ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡು, ಅತ್ತೆಯ ಮಗ್ಗುಲಿಂದ ಒಳಗೆ ಬಂದು, ನಮ್ಮೆಲ್ಲರ ರೊಟ್ಟಿಯ ರಾಶಿಯ ಮೇಲೆ ಸುರಿದುಬಿಟ್ಟಳು. ರಾಶಿ ಜಾರಿತು. ಅದು ಎತ್ತ ಹೋಯಿತೋ ಇದು ಎತ್ತ ಬಂತೋ. ಬಡಿದ ಕೈ ಯಾವುದೆಂದು ರೊಟ್ಟಿಯ ಮೇಲೆ ಬರೆದಿರುವುದಿಲ್ಲ.

 ಜೈತುನಬಿ ಗೋಡೆ ಹಿಡಿದುಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಎಲ್ಲವನ್ನೂ ತೆಗೆದು ದನಕ್ಕೆ ಹಾಕಿ ಎಂದಳು. ಆಗ ನಮ್ಮ ಓಣಿಯ ಹೆಂಗಸರಿಗೆ ಜೀವ ಬಂತು. ನಮ್ಮ ರೊಟ್ಟಿ ಏನು ಪಾಪ ಮಾಡಿದೆ, ಸೊಂಟ ಮುರಿದು ಬಡಿದದ್ದು ದನಕ್ಕೇನು ಎಂದು ಒಬ್ಬಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ ಎಂದು ಇನ್ನೊಬ್ಬಳು. ಆ ಇನ್ನೊಬ್ಬಳು ನಾನೇ. ಹಜರಾಬಿಯ ಪರವಾಗಿ ನಾವು ಎದ್ದೆವೆಂದು ತಿಳಿಯಬೇಡಿ. ಎದ್ದದ್ದು ನಮ್ಮ ನಮ್ಮ ರೊಟ್ಟಿಗಾಗಿ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಜಿಮಲಂಗ ಬಾಗಿಲಲ್ಲಿ ನಿಂತು ಇತ್ಯರ್ಥ ಹೇಳಿದ. ಮುದ್ದೇಬಿಹಾಳದ ಅಂಗಡಿಯಿಂದ ಗಂಡಸರ ಪಂಕ್ತಿಗೆ ಬೇರೆ ರೊಟ್ಟಿ ತರಿಸುತ್ತೇನೆ, ಈ ರಾಶಿ ಹೆಂಗಸರ ಪಂಕ್ತಿಗೆ ಇರಲಿ, ಮದುಮಗಳಿಗೆ ಮಾತ್ರ ಅನ್ನ ಬಡಿಸಿ ಎಂದ. ಜೈತುನಬಿ ಆಯಿತೆಂದಳು. ಅಂಗಡಿಯ ರೊಟ್ಟಿಯನ್ನು ಬಡಿದ ಕೈ ಯಾವ ಸಾವಿನ ಮನೆಯಿಂದ ಎದ್ದು ಬಂದಿತ್ತೋ ಯಾರು ಕೇಳಿದರು? ಕಾಣದ ಕೈಗೆ ಮೈಲಿಗೆಯಿಲ್ಲ. ಹೆಂಗಸರಿಗಾದರೆ ನಡೆಯುತ್ತದೆ ಎಂಬ ಮಾತಿಗೆ ನಾವು ಇಷ್ಟೂ ಜನ ತುಟಿ ಬಿಚ್ಚಲಿಲ್ಲ. ನಮ್ಮ ರೊಟ್ಟಿ ಉಳಿಯಿತಲ್ಲ ಎಂದು ಸುಮ್ಮನಾದೆವು.

ಹಜರಾಬಿ ಹೊಸ್ತಿಲಿನ ಹೊರಗೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಖಾಲಿ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಹಂಗಾದ್ರ ಹೆಂಗಸರ ಪಂಗ್ತಿಗೆ ನಾನೂ ಬರ್ತೇನಿ. ನೀವೆಲ್ಲಾ ಈಗ ನನ್ನ ಸಾಲಿನ್ಯಾಗ ಬಂದೀರಲ್ಲ."

ಸಿದ್ದೀಕಾಳ ಗತಿ ಏನಾಗಬೇಕೋ ಅದೇ ಆಯಿತು. ಮದುವೆ ಮುಗಿಯಲಿ, ತಾಳಿಕೋಟೆಯ ಬಸ್ಸು ಹತ್ತಿಸುತ್ತೇನೆ ಎಂದು ಮಂಜೂರ ಹೇಳಿದನಂತೆ. ಬೀಗರ ಕಣ್ಣಿಗೆ ಬೀಳಬೇಡ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರು ಎಂದು ಅತ್ತೆ ಹೇಳಿದಳು. ಆ ಹುಡುಗಿ ತಿರುಗಿ ಮಾತಾಡದೆ ಹಿತ್ತಲಿಗೆ ಹೋದಳು.

ಮದುವೆಯ ದಿನ ಹೊರ್ತಿಯಿಂದ ಎರಡು ಬಸ್ಸು ಜನ ಬಂದರು. ನಿಕಾಹ್ ಆಯಿತು, ಗಂಡಸರು ಉಂಡು ಎದ್ದರು. ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಪಂಕ್ತಿ. ಬೀಗಿತ್ತಿ ತನ್ನ ಹೊಸ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನೀವು ಕೂರದೆ ನಾವು ಒಂದು ತುತ್ತೂ ಮುಟ್ಟುವುದಿಲ್ಲ ಎಂದು ಜೈತುನಬಿಯನ್ನೂ ಕೈಹಿಡಿದು ಎಳೆದು ಕೂರಿಸಿದಳು. ಜೈತುನಬಿಯ ಇನ್ನೊಂದು ಮಗ್ಗುಲಿಗೆ ನಾನು. ಸಾಲಿನ ಕೊನೆಯಲ್ಲಿ ಹಜರಾಬಿ ಬಂದು ಕೂತಳು. ಹೊರ್ತಿಯವರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಆ ಊರಿನ ಒಬ್ಬ ಹೆಂಗಸು ಅವಳ ಪಕ್ಕದಲ್ಲೇ ಕೂತು ಮಗುವಿಗೆ ಉಣ್ಣಿಸತೊಡಗಿದಳು.

ಬಡಿಸುವವರು ಕಡಿಮೆ ಬಿದ್ದರು. ಹಿತ್ತಲಿನಿಂದ ಸಿದ್ದೀಕಾಳೇ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಬಂದಳು. ಒಂದೊಂದು ತಾಟಿಗೂ ರೊಟ್ಟಿ ಇಡುತ್ತ ಬಂದಳು. ಅನ್ನದ ಪಾತ್ರೆ ಇನ್ನೂ ಒಲೆಯ ಮೇಲಿತ್ತು. ಶಬಾನಾಳ ತಾಟಿನ ಮುಂದೆ ಸಿದ್ದೀಕಾಳ ಕೈ ತಡವರಿಸಿತು. ಬೀಗಿತ್ತಿ ನಗುತ್ತ, ನನ್ನ ಸೊಸೆಗೇ ಯಾಕೆ ಕಡಿಮೆ ಎಂದು ಬುಟ್ಟಿಯೊಳಗೆ ತಾನೇ ಕೈಹಾಕಿ ಒಂದು ರೊಟ್ಟಿ ತೆಗೆದು ಮದುಮಗಳ ತಾಟಿಗೆ ಹಾಕಿದಳು.

ಜೈತುನಬಿಯ ಕೈ ಮೇಲೆದ್ದು ಅಲ್ಲೇ ನಿಂತಿತು. ತಡೆದರೆ ಯಾಕೆಂದು ಹೇಳಬೇಕು. ಹೇಳಿದರೆ ಹೊರ್ತಿಯವರಿಗೆ ಎಲ್ಲ ಗೊತ್ತಾಗುತ್ತದೆ. ಬೀಗಿತ್ತಿಯೂ ಅದೇ ರಾಶಿಯ ರೊಟ್ಟಿ ಮುರಿಯುತ್ತಿದ್ದಳು. ಮಾಡಿದ್ದುಣ್ಣೋ ಮಾರಾಯ ಎಂದು ನಾನು ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಜೈತುನಬಿಯ ಮುಖ ನೋಡಿದ ಮೇಲೆ ನಗು ಬರಲಿಲ್ಲ. ಆಕೆಯ ಕಣ್ಣ ಮುಂದೆ ಸಿಂದಗಿಗೆ ಕೊಟ್ಟ ಮಗಳು ಬಳೆಯಿಲ್ಲದ ಬರಿಗೈಯಲ್ಲಿ ನಿಂತಿದ್ದಳು.

ಬೆಳಗಿನಿಂದ ಏನೂ ತಿನ್ನದ ಶಬಾನಾ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟಳು. ಇನ್ನೊಂದು ತುತ್ತು. ಮತ್ತೊಂದು.  ಒಂದೊಂದು ತುತ್ತಿಗೂ ಜೈತುನಬಿಯ ಬೆರಳುಗಳು ನನ್ನ ತೊಡೆಯನ್ನು ಬಿಗಿಹಿಡಿಯುತ್ತಿದ್ದವು, ಆಕೆಗೆ ಅದು ಗೊತ್ತೇ ಇರಲಿಲ್ಲ. ಅವಳ ತಾಟಿನ ರೊಟ್ಟಿ ಹಾಗೇ ಇತ್ತು.

ಸಾಲಿನ ಕೊನೆಯಿಂದ ಹಜರಾಬಿ ಇದನ್ನೆಲ್ಲ ನೋಡುತ್ತಿದ್ದಳು. ಆಕೆ ಬಯಸಿದ್ದು ಆಗುತ್ತಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ ಅವಳು ಬಡಿದ ರೊಟ್ಟಿಯನ್ನು ಒಂದು ಮದುವೆಯ ಪಂಕ್ತಿ ಉಣ್ಣುತ್ತಿತ್ತು. ಖುಷಿಯಾಗಿರಬೇಕು ಎಂದುಕೊಂಡು ಅವಳ ಕಡೆ ನೋಡಿದೆ. ಅವಳು ರೊಟ್ಟಿಯನ್ನೂ ನೋಡುತ್ತಿರಲಿಲ್ಲ, ಮದುಮಗಳನ್ನೂ ನೋಡುತ್ತಿರಲಿಲ್ಲ. ಜೈತುನಬಿಯನ್ನೇ ನೋಡುತ್ತಿದ್ದಳು.

ಅರ್ಧ ಉಂಡಲ್ಲಿಗೇ ಎದ್ದಳು. ಕೈ ತೊಳೆಯಲು ಹೋಗುವವಳಂತೆ ನಮ್ಮ ಹಿಂದಿನಿಂದ ಬಂದು, ಜೈತುನಬಿಯ ಕಿವಿಯ ಹತ್ತಿರ ಬಗ್ಗಿದಳು. ಹೇಳಿದ್ದು ಆಕೆಗೆ ಮತ್ತು ನನಗೆ ಮಾತ್ರ ಕೇಳಿಸಿತು.

"ಅಂಜಬ್ಯಾಡ ಜೈತುನ. ನಿನ್ನ ಮಗಳು ತಿನ್ನಾಕತ್ತಿದ್ದು ನನ್ನ ರೊಟ್ಟಿ ಅಲ್ಲ. ನಾ ಬಡಿದದ್ದು ನನಗ ಗುರ್ತ ಸಿಗೂದಿಲ್ಲೇನು?"

ಸಿಗುವುದಿಲ್ಲ. ಯಾರಿಗೂ ಸಿಗುವುದಿಲ್ಲ. ಅದು ನನಗೂ ಗೊತ್ತು, ಒಲೆಯ ಮುಂದೆ ಹುಟ್ಟಿ ಬೆಳೆದ ಜೈತುನಬಿಗೂ ಗೊತ್ತು. ನನಗೆ ಎದ್ದು ನಿಂತು ಹಜರಾಬಿಗೆ ಕೂಗಿ ಹೇಳಬೇಕೆನಿಸಿತು, ಇದು ನಿನ್ನ ರೊಟ್ಟಿಯೂ ಆಗಿರಬಹುದು, ಬಿಟ್ಟುಕೊಡಬೇಡ ಎಂದು. 

ಜೈತುನಬಿ ನನ್ನ ತೊಡೆಯ ಮೇಲಿನ ಕೈ ತೆಗೆದಳು. ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು, ಹಜರಾಬಿಗೆ ಕೇಳಿಸುವಂತೆಯೇ ಅಲ್ಹಮ್ದುಲಿಲ್ಲಾ ಎಂದಳು. ಹಜರಾಬಿ ತಲೆಯಾಡಿಸಿ, ನೀರಿನ ಕಡೆಗೆ ಹೋಗಿ ಕೈ ತೊಳೆದುಕೊಂಡಳು.